ತುಂಗೆಯ ದಡದಲ್ಲಿ ಊರು ಕೂಡುವ ಬಗೆ

ಮಾನ್ಯ ಸಭಿಕರೇ,

ಶಿವಮೊಗ್ಗದಲ್ಲಿ ಮಳೆಗಾಲ ಬಲವಾಗಿದೆಯೇ ಇಲ್ಲವೇ ಎಂಬುದನ್ನು ಜನ ಇಂದಿಗೂ ಕೋರ್ಪಲಯ್ಯನ ಛತ್ರದ ಬಳಿ ತುಂಗಾ ನದಿಯಲ್ಲಿ ನಿಂತಿರುವ ಕಲ್ಲುಮಂಟಪವನ್ನು ನೋಡಿಯೇ ಹೇಳುತ್ತಾರೆ. ‘ಮಂಟಪ ಮುಳುಗಿತಂತೆ’ ಎಂಬ ಸುದ್ದಿ ಹಬ್ಬಿತೆಂದರೆ ಸೇತುವೆಯ ಮೇಲೆ ಕೊಡೆಗಳ ಸಾಲು ನೆರೆಯುತ್ತದೆ. ಕೆಲವರು ನದಿಗೆ ಬಾಗಿನ ಅರ್ಪಿಸುತ್ತಾರೆ, ಉಳಿದವರು ಕೆಂಪು ನೀರನ್ನು ನೋಡುತ್ತ ಸುಮ್ಮನೆ ನಿಲ್ಲುತ್ತಾರೆ. ಆಹ್ವಾನ ಪತ್ರಿಕೆಯಾಗಲಿ ವೇದಿಕೆಯಾಗಲಿ ಇಲ್ಲದ ಈ ಕೂಟವನ್ನು ನಾನು ಊರಿನ ಅತ್ಯಂತ ಸಹಜವಾದ ಸಾರ್ವಜನಿಕ ಸಮಾರಂಭವೆಂದು ಎಣಿಸುತ್ತೇನೆ.

ಇದರ ಹಿಂದಿನ ಕಾರಣ ಊರಿನಿಂದ ಮೇಲೆ, ಗಾಜನೂರಿನಲ್ಲಿದೆ. ಅಲ್ಲಿನ ತುಂಗಾ ಜಲಾಶಯ ಹಿಡಿದಿಡುವುದು ಕೇವಲ 3.24 ಟಿಎಂಸಿ ನೀರು. ಶೃಂಗೇರಿ, ತೀರ್ಥಹಳ್ಳಿಗಳ ಕಡೆ ಮಳೆ ಹಿಡಿದರೆ ಅದು ಬಹುಬೇಗ ತುಂಬುತ್ತದೆ. ಆಮೇಲೆ ಬಂದ ನೀರನ್ನು ಬಂದಂತೆಯೇ ಕೆಳಕ್ಕೆ ಬಿಡದೆ ಬೇರೆ ದಾರಿಯಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣಗೆ ಹರಿಯುವ ಹೊಳೆ ಆಷಾಢದಲ್ಲಿ ಎರಡೂ ದಡ ತುಂಬಿ ಹರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಅದು ದಡವನ್ನೂ ದಾಟಿ ತಗ್ಗಿನ ಬಡಾವಣೆಗಳಿಗೆ ನುಗ್ಗಿತು.

ಮಳೆ ಇಳಿಮುಖವಾಗುವ ಹೊತ್ತಿಗೆ ಗಣಪತಿಯ ಸರದಿ. ಹಿಂದೂ ಮಹಾಸಭಾ ಗಣಪತಿಯ ಮೆರವಣಿಗೆ ಇಡೀ ದಿನ ಊರಿನ ಬೀದಿಗಳನ್ನು ಹಾದು, ಕೋಟೆ ಭೀಮೇಶ್ವರ ದೇವಸ್ಥಾನದ ಬಳಿಯ ಭೀಮನ ಮಡುವಿಗೆ ಬಂದು ಮುಗಿಯುತ್ತದೆ. ಈ ಕೂಟಗಳಿಗೆಲ್ಲ ಬೇಕಾದದ್ದು ನೀರಿನವರೆಗೆ ಇಳಿಯುವ ಮೆಟ್ಟಿಲು ಮತ್ತು ನಿಲ್ಲಲು ಒಂದಿಷ್ಟು ಜಾಗ, ಅಷ್ಟೇ.

2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ನಂತರ ನದಿಯ ಉತ್ತರ ದಡಕ್ಕೆ ನಡಿಗೆಯ ಹಾದಿ, ಉದ್ಯಾನ, ದೀಪಗಳು ಬಂದವು. ಸಂಜೆಯ ವಾಯುವಿಹಾರಕ್ಕೆ, ಮಕ್ಕಳ ಆಟಕ್ಕೆ ಇದು ಒಳ್ಳೆಯದೇ; ಊರು ಬಹುಕಾಲ ನದಿಗೆ ಬೆನ್ನು ಮಾಡಿ ಬೆಳೆದಿತ್ತೆಂಬುದನ್ನು ಒಪ್ಪಲೇಬೇಕು. ಆದರೆ ಇಂಥ ಕಾಮಗಾರಿಗಳ ಮಾತು ಬಂದಾಗಲೆಲ್ಲ ಅಹಮದಾಬಾದಿನ ಸಾಬರಮತಿಯನ್ನು ಮಾದರಿಯಾಗಿ ಮುಂದಿಡುವುದು ರೂಢಿಯಾಗಿದೆ. ಅಲ್ಲಿ ಕೆಳಗಡೆ ವಾಸಣಾ ಬ್ಯಾರೇಜ್ ನೀರನ್ನು ತಡೆದಿದೆ, ನರ್ಮದಾ ಕಾಲುವೆ ನೀರನ್ನು ತುಂಬಿಸುತ್ತದೆ. ನದಿ ವರ್ಷದ ಬಹುಭಾಗ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಹಾಗಾಗಿಯೇ ಅಲ್ಲಿ ನೇರವಾದ ಗೋಡೆ ಕಟ್ಟಿ, ಅದರ ಮೇಲೆ ಜನವರಿಯ ಗಾಳಿಪಟ ಉತ್ಸವವನ್ನು ನಡೆಸಲು ಸಾಧ್ಯವಾಯಿತು. ದಡದ ಗುಡಿಸಲುಗಳಲ್ಲಿದ್ದ ಸಾವಿರಾರು ಕುಟುಂಬಗಳು ಅದಕ್ಕಾಗಿ ಜಾಗ ಬಿಡಬೇಕಾಯಿತೆಂಬ ಸಂಗತಿಯನ್ನು ಮಾದರಿ ತೋರಿಸುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ತುಂಗೆ ಅಂಥ ನಿಂತ ನೀರಲ್ಲ. ಇಲ್ಲಿ ಕೆಳಹಂತದ ಜಾಗವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನದಿಗೇ ಬಿಟ್ಟುಕೊಡಬೇಕು. ಅಲ್ಲಿ ಕಲ್ಲಿನ ಮೆಟ್ಟಿಲು ಮಾತ್ರ ಇರಲಿ, ಅಂಗಡಿ, ವಿದ್ಯುತ್ ಪೆಟ್ಟಿಗೆ, ಆಟದ ಸಲಕರಣೆಗಳು ಮೇಲಿನ ಹಂತಕ್ಕೆ ಹೋಗಲಿ. ಸಂಗೀತ, ನಾಟಕ, ಆಹಾರಮೇಳಗಳನ್ನು ನೀರು ಇಳಿದ ಮೇಲೆ, ದಸರೆಯಿಂದ ಯುಗಾದಿಯವರೆಗೆ ಇಟ್ಟುಕೊಳ್ಳಬಹುದು. ಮಂಟಪ ನೋಡಲು ಬರುವವರಿಗಾಗಿ ಸೇತುವೆಯ ಹೊರೆ ಕಡಿಮೆಯಾಗುವಂತೆ ದಡದ ಮೇಲೆಯೇ ಭದ್ರವಾದ ಕಟಕಟೆಯುಳ್ಳ ಒಂದು ಜಗಲಿ ಬೇಕು.

ಇನ್ನೊಂದು ಮಾತನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ‘ತುಂಗಾ ಪಾನ, ಗಂಗಾ ಸ್ನಾನ’ ಎಂದು ಹೆಮ್ಮೆಪಡುವ ನಾವು ಅದೇ ನದಿಗೆ ಚರಂಡಿಯನ್ನು ಹರಿಯಬಿಟ್ಟಿದ್ದೇವೆ, ಮತ್ತು ಈ ನೀರು ಕೂಡಲಿಯಲ್ಲಿ ಭದ್ರೆಯನ್ನು ಸೇರಿ ಕೆಳಗಿನ ಊರುಗಳಿಗೆ ಹೋಗುತ್ತದೆ. ಆದ್ದರಿಂದ ದಡದಲ್ಲಿ ಯಾವುದೇ ಉತ್ಸವಕ್ಕೆ ಅನುಮತಿ ಕೊಡುವಾಗ ಶೌಚಾಲಯ, ಕಸ ಸಾಗಣೆ, ವಿಸರ್ಜನೆಯ ನಂತರ ಮೂರ್ತಿಯ ಅವಶೇಷಗಳನ್ನು ಎತ್ತುವ ಕೆಲಸ ಇವುಗಳ ಖರ್ಚನ್ನು ಶಾಮಿಯಾನ, ಧ್ವನಿವರ್ಧಕಗಳ ಖರ್ಚಿನೊಂದಿಗೆ ಒಂದೇ ಪಟ್ಟಿಯಲ್ಲಿ ಮೊದಲೇ ಬರೆಸಿಕೊಳ್ಳಬೇಕೆಂಬುದು ನನ್ನ ಸಲಹೆ.