ಮೊದಲು ನೆರಳು, ಆಮೇಲೆ ವಿಮಾನ

ಎಲ್ಲರಿಗೂ ನಮಸ್ಕಾರ.

ನವರಾತ್ರಿಗೆ ಇನ್ನು ಹತ್ತೇ ದಿನ. ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸುವ ಹೊತ್ತಿನಲ್ಲಿ ಬಿಡುವು ಮಾಡಿಕೊಂಡು ಬಂದಿದ್ದೀರಿ. ತುಂಬ ಸಂತೋಷ. ನನ್ನ ಮಾತು ಶುರುವಾಗುವುದೂ ಗೊಂಬೆಯಿಂದಲೇ.

ನಾನು ಚಿಕ್ಕವನಿದ್ದಾಗ ಪಟ್ಟದ ಗೊಂಬೆ ಕೂರಿಸುವುದು ಅಮ್ಮನ ಕೆಲಸ. ಕೆಳಗಿನ ಪಾರ್ಕು ನನ್ನದು. ತಟ್ಟೆಗೆ ಮಣ್ಣು ತುಂಬಿ, ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸಿದರೆ ನಾಲ್ಕೈದು ದಿನಕ್ಕೆ ಹಸಿರು ಬರುತ್ತಿತ್ತು. ನಡುವೆ ಒಂದು ಕನ್ನಡಿ ಚೂರು ಇಟ್ಟರೆ ಅದೇ ಕೆರೆ. ಸಂಜೆ ದೀಪ ಹಚ್ಚಿದ ಮೇಲೆ ನಾನು ನೆಲಕ್ಕೆ ಕೆನ್ನೆ ಒತ್ತಿ ಮಲಗಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಆಗ ರಾಗಿ ಪೈರು ಕಾಡಾಗುತ್ತಿತ್ತು. ಎದ್ದು ನಿಂತು ನೋಡಿದರೆ ಮತ್ತೆ ಬರೀ ತಟ್ಟೆ. ಕಣ್ಣು ಎಲ್ಲಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ ಅಂತ ಆಗಲೇ ಗೊತ್ತಾಗಿತ್ತು. ಅದನ್ನು ಕೈಗೆ ತಂದುಕೊಳ್ಳುವುದಕ್ಕೆ ಮಾತ್ರ ಬಹಳ ವರ್ಷ ಹಿಡಿಯಿತು.

ಈ ಮೇಜಿನ ಮೇಲೆ ಬಟ್ಟೆ ಮುಚ್ಚಿ ಇಟ್ಟಿರುವುದಕ್ಕೆ ಶ್ಯಾಡೋ ಬಾಕ್ಸ್ ಡಯೋರಾಮಾ ಅಂತಾರೆ, ಅಂದರೆ ಪೆಟ್ಟಿಗೆಯೊಳಗೆ ಕಟ್ಟಿದ ಪುಟ್ಟ ದೃಶ್ಯ. ಡಯೋರಾಮಾ ಅನ್ನುವ ಹೆಸರು 1822ರಲ್ಲಿ ಪ್ಯಾರಿಸ್‌ನಲ್ಲಿ ಬಂತು. ಮುಂದೆ ಫೋಟೋಗ್ರಫಿಗೆ ಹೆಸರಾದ ಲೂಯಿ ದಗೇರ್ ಅಲ್ಲಿ ಒಂದು ಪ್ರದರ್ಶನ ಮಂದಿರ ತೆರೆದಿದ್ದರು. ದೊಡ್ಡ ಪರದೆಯ ಮೇಲೆ ಬರೆದ ಚಿತ್ರಕ್ಕೆ ಹಿಂದಿನಿಂದ, ಮುಂದಿನಿಂದ ಬೆಳಕು ಬದಲಾಯಿಸಿ ಹಗಲನ್ನು ರಾತ್ರಿ ಮಾಡಿ ತೋರಿಸುತ್ತಿದ್ದರು. ಅಂದರೆ ಈ ಕಲೆ ಹುಟ್ಟಿದ್ದೇ ಬೆಳಕಿನ ಆಟದಿಂದ. ನಾನು ಮನೆಯಲ್ಲಿ ಇದನ್ನು ಗೂಡು ಅಂತೀನಿ. ಹಳೆಯ ಮನೆಗಳಲ್ಲಿ ಗೋಡೆಯಲ್ಲಿ ದೀಪದ ಗೂಡು ಇರುತ್ತಿತ್ತು, ಅಲ್ವಾ? ಹಾಗೇ ಇದು. ಒಂದೇ ಕಡೆ ಬಾಯಿ, ಒಳಗೆ ಬೆಳಕು, ಸುತ್ತ ಕತ್ತಲೆ.

ಇದರೊಳಗೆ ಇರುವುದು ಬೈಪ್ಲೇನ್, ಒಂದರ ಮೇಲೊಂದು ಎರಡು ರೆಕ್ಕೆ ಇರುವ ಹಳೆಯ ಕಾಲದ ವಿಮಾನ. ಬೈಪ್ಲೇನ್ ಯಾಕೆ? ಜೆಟ್ ವಿಮಾನ ಯಾಕಲ್ಲ? ಈ ಪ್ರಶ್ನೆ ತುಂಬ ಜನ ಕೇಳುತ್ತಾರೆ.

ಮೊದಲ ವಿಮಾನಗಳ ಎಂಜಿನ್‌ಗೆ ಶಕ್ತಿ ಕಡಿಮೆ. ಹಾಗಾಗಿ ವಿಮಾನ ಹಗುರ ಇರಬೇಕು, ರೆಕ್ಕೆ ತೆಳ್ಳಗಿರಬೇಕು. ತೆಳು ರೆಕ್ಕೆ ಒಂದೇ ಇದ್ದರೆ ಬಾಗುತ್ತದೆ, ತಿರುಚುತ್ತದೆ. ಎರಡು ರೆಕ್ಕೆ ಮೇಲೆ ಕೆಳಗೆ ಇಟ್ಟು, ನಡುವೆ ಕಂಬ ನಿಲ್ಲಿಸಿ, ಅಡ್ಡಡ್ಡ ತಂತಿ ಬಿಗಿದರೆ ಅದು ರೈಲು ಸೇತುವೆಯಂತೆ ಗಟ್ಟಿಯಾಗುತ್ತದೆ. ಹೋಲಿಕೆಗೆ ಸುಮ್ನೆ ಹೇಳುತ್ತಿಲ್ಲ. ಆಕ್ಟೇವ್ ಶನೂಟ್ ಅಂತ ರೈಲ್ವೆ ಎಂಜಿನಿಯರ್ ಒಬ್ಬರಿದ್ದರು. 1896ರಲ್ಲಿ ಅವರು ಸೇತುವೆಯ ಕಟ್ಟಿನ ಲೆಕ್ಕವನ್ನೇ ಎರಡು ರೆಕ್ಕೆಯ ಗ್ಲೈಡರ್‌ಗೆ ಹಾಕಿದರು. ರೈಟ್ ಸಹೋದರರು ಅದೇ ದಾರಿ ಹಿಡಿದರು. 1903ರ ಡಿಸೆಂಬರ್ 17ರಂದು 12 ಸೆಕೆಂಡು ಹಾರಿದ ಅವರ ವಿಮಾನವೂ ಬೈಪ್ಲೇನೇ. ನಮ್ಮ ದೇಶದಲ್ಲಿ 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ಯಮುನೆ ದಾಟಿ ನೈನಿಗೆ ಸುಮಾರು 6,500 ಕಾಗದ ಹೊತ್ತುಕೊಂಡು ಹೋದದ್ದೂ ಬೈಪ್ಲೇನೇ. ಹಾರಿಸಿದವರು ಆನ್ರಿ ಪೆಕೆ ಎಂಬ ಫ್ರೆಂಚ್ ಯುವಕ.

ಜೆಟ್ ವಿಮಾನಕ್ಕೆ ಚರ್ಮ ಮಾತ್ರ ಕಾಣುತ್ತದೆ. ಬೈಪ್ಲೇನ್‌ಗೆ ಎಲುಬು, ನರ ಎಲ್ಲ ಹೊರಗೇ ಇವೆ. ಬೆಳಕು ಅದರ ನಡುವೆ ನುಗ್ಗುತ್ತದೆ. ಮೇಲಿನ ರೆಕ್ಕೆಯ ನೆರಳು ಕೆಳಗಿನ ರೆಕ್ಕೆಯ ಮೇಲೆ ಬೀಳುತ್ತದೆ, ಕಂಬದ ನೆರಳು ಅದನ್ನು ಸೀಳುತ್ತದೆ. ಗೂಡಿಗೆ ಹೇಳಿ ಮಾಡಿಸಿದ ವಿಮಾನ ಇದು.

ನಾನು ಮರಗೆಲಸದವರ ಮನೆಯವನು. ಇದೇ ಹಾಸನದಲ್ಲಿ ಅಪ್ಪ ಬಾಗಿಲು, ಕಿಟಕಿ ಮಾಡುತ್ತಿದ್ದರು. ಹಾಗಾಗಿ ಮರ ಕೊಯ್ಯುವುದು ನನಗೆ ಹೊಸದಲ್ಲ. ಮೊದಲನೆಯ ಸಲ ನಾನು ಟೈಗರ್ ಮಾತ್ ಅನ್ನುವ ಬೈಪ್ಲೇನಿನ ಮಾದರಿ ಕಟ್ಟಿದೆ. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರಲು ಕಲಿತದ್ದು ಅದರಲ್ಲೇ. ಬೆಂಗಳೂರಿನ ಎಚ್‌ಎಎಲ್ ಮಾಡಿದ ಎಚ್‌ಟಿ-2 ತರಬೇತಿ ವಿಮಾನ ಬಂದ ಮೇಲೆ ಅದು ಹಿಂದೆ ಸರಿಯಿತು. ಟೈಗರ್ ಮಾತ್‌ನ ರೆಕ್ಕೆಯ ಉದ್ದ 8.94 ಮೀಟರ್. ನಾನು ಎಂಟನೇ ಒಂದು ಪಾಲಿನ ಅಳತೆಯಲ್ಲಿ ಕಟ್ಟಿದೆ. ಎರಡು ವರ್ಷದ ಕೆಲಸ. ಮುಗಿದಾಗ ತುದಿಯಿಂದ ತುದಿಗೆ 112 ಸೆಂಟಿಮೀಟರ್. ಆಮೇಲೆ ಅದಕ್ಕೊಂದು ಪೆಟ್ಟಿಗೆ ಮಾಡಲು ಕೂತೆ. ಎಲ್ಲಿಂದ ನೋಡಿದರೂ ವಿಮಾನ ಗಾಜಿನ ಹಿಂದೆ ಸಿಕ್ಕಿಬಿದ್ದ ಹಾಗಿತ್ತು. ಎಲ್ಲ ಕಡೆ ಒಂದೇ ಬೆಳಕು, ನೆರಳೇ ಇಲ್ಲ. ಬಹಳ ನೊಂದುಕೊಂಡೆ. ವಿಮಾನದಲ್ಲಿ ತಪ್ಪಿರಲಿಲ್ಲ. ಕ್ರಮ ತಪ್ಪಿತ್ತು.

ಉತ್ತರ ಸಿಕ್ಕಿದ್ದು ಬೇಲೂರಿನಲ್ಲಿ. 1117ರ ಚೆನ್ನಕೇಶವ ದೇವಸ್ಥಾನ, ನೀವೆಲ್ಲ ಎಷ್ಟು ಸಲ ನೋಡಿಲ್ಲ! ಸೂರಿನ ಕೆಳಗಿನ ಮದನಿಕೆಯರನ್ನು ಇನ್ನೊಂದು ಸಲ ಗಮನಿಸಿ. ಅವರು ನೆಟ್ಟಗೆ ನಿಂತಿಲ್ಲ, ನಮ್ಮ ಕಡೆ ವಾಲಿದ್ದಾರೆ. ನೋಡುವವನು ಕೆಳಗೆ ನಿಂತು ಕತ್ತೆತ್ತುತ್ತಾನೆ ಅಂತ ಶಿಲ್ಪಿಗೆ ಮೊದಲೇ ಗೊತ್ತು. ಮೂರ್ತಿಗೂ ಹಿಂದಿನ ಬಳ್ಳಿಗೂ ನಡುವೆ ಬಳಪದ ಕಲ್ಲನ್ನು ಆಳಕ್ಕೆ ಕೊರೆದಿದ್ದಾನೆ. ಅಲ್ಲಿ ಕತ್ತಲೆ ನಿಲ್ಲುತ್ತದೆ. ಆ ಕತ್ತಲೆ ಇಲ್ಲದಿದ್ದರೆ ತೋಳು ತೋಳಾಗಿ ಕಾಣುವುದಿಲ್ಲ. ಅವತ್ತು ಪ್ರಾಕಾರದಲ್ಲಿ ಕೂತು ಇಡೀ ಮಧ್ಯಾಹ್ನ ನೆರಳು ಸರಿಯುವುದನ್ನು ನೋಡಿದೆ. ಮನೆಗೆ ಬಂದವನು ಮರ ಮುಟ್ಟಲಿಲ್ಲ. ಎರಡು ರಟ್ಟು, ನಾಲ್ಕು ಕಡ್ಡಿ, ಒಂದು ಟಾರ್ಚ್ ತಗೊಂಡು ಕತ್ತಲೆ ಕೋಣೆಯಲ್ಲಿ ಕೂತೆ.

ಇವತ್ತಿಗೂ ಅದೇ ನನ್ನ ಮೊದಲ ಹೆಜ್ಜೆ. ರಟ್ಟಿನ ರೆಕ್ಕೆ ಇಟ್ಟು, ಟಾರ್ಚ್ ಸುತ್ತಿಸಿ, ಯಾವ ನೆರಳು ಬೇಕು ಅಂತ ಹುಡುಕುತ್ತೇನೆ. ಮೂರು ನಾಲ್ಕು ಸಂಜೆ ಹೋಗುತ್ತದೆ. ನೆರಳು ಸಿಕ್ಕ ಮೇಲೆ ಕಣ್ಣಿನ ಜಾಗ ಗುರುತು ಮಾಡುತ್ತೇನೆ. ಆಮೇಲೆ ಪೆಟ್ಟಿಗೆ. ಕೊನೆಗೆ ವಿಮಾನ.

ಈಗ ಈ ಪೆಟ್ಟಿಗೆಯ ವಿಷಯ. ಇದರಲ್ಲಿರುವುದು ಎಸ್.ಇ.5ಎ, ಮೊದಲ ಮಹಾಯುದ್ಧದ ಬ್ರಿಟಿಷ್ ವಿಮಾನ. ಕಲ್ಕತ್ತಾದಲ್ಲಿ 1898ರಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ ಹಾರಿಸಿದ್ದು ಇಂಥದ್ದನ್ನೇ. 1918ರ ಜುಲೈನಲ್ಲಿ ಎರಡು ವಾರದೊಳಗೆ ಆಕಾಶದ ಕಾಳಗದಲ್ಲಿ ಅವರ ಲೆಕ್ಕಕ್ಕೆ 10 ಗೆಲುವು ಬಂತು. ಜುಲೈ 22ರಂದು ಫ್ರಾನ್ಸಿನ ಆಕಾಶದಲ್ಲೇ ತೀರಿಕೊಂಡರು. ಆಗ ವಯಸ್ಸು 19. ಅದಕ್ಕೂ ಮುಂಚೆ ಒಂದು ಅಪಘಾತದಲ್ಲಿ ಗಾಯಗೊಂಡು ಚೇತರಿಸಿಕೊಳ್ಳುವಾಗ ಅವರು ವಿಮಾನಗಳ ಸ್ಕೆಚ್ ಬರೆಯುತ್ತಿದ್ದರು. ಆ ಸ್ಕೆಚ್‌ಗಳು ಎಷ್ಟೋ ಉಳಿದಿವೆ. ಯುದ್ಧದ ಗೆಲುವಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು. ಹತ್ತೊಂಬತ್ತರ ಹುಡುಗ ಪೆನ್ಸಿಲ್ ಹಿಡಿದು ರೆಕ್ಕೆಯ ಗೆರೆ ಎಳೆಯುತ್ತಾ ಕೂತಿರುವುದು.

ರೆಕ್ಕೆಯ ಉದ್ದ 8.11 ಮೀಟರ್. ಹದಿನಾರನೇ ಒಂದು ಪಾಲಿಗೆ ಇಳಿಸಿದರೆ 50.7 ಸೆಂಟಿಮೀಟರ್. ಅಂಗಡಿಯಲ್ಲಿ ಜಾಸ್ತಿ ಸಿಗುವ ಎಪ್ಪತ್ತೆರಡನೇ ಒಂದರ ಕಿಟ್‌ನಲ್ಲಿ ಇದೇ ವಿಮಾನ ಒಂದು ಗೇಣೂ ಇರುವುದಿಲ್ಲ. ಅಷ್ಟು ಚಿಕ್ಕದರಲ್ಲಿ ಕಟ್ಟಿದ ಹಾಗೆ ನಟಿಸಬಹುದು ಅಷ್ಟೆ. ಹದಿನಾರರಲ್ಲಿ ನಿಜವಾಗಿ ಕಟ್ಟಬಹುದು. ಪಕ್ಕೆಲುಬಿಗೆ ಪಕ್ಕೆಲುಬು, ತಂತಿಗೆ ತಂತಿ.

ಅಸಲಿಗೆ ಸ್ಪ್ರೂಸ್ ಮರ ಬಳಸುತ್ತಿದ್ದರು. ನಾನು ಸಿಲ್ವರ್ ಓಕ್ ಬಳಸುತ್ತೇನೆ. ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುತ್ತಾರಲ್ಲ, ಅದೇ. ನೇರ ಎಳೆಯ ತುಂಡು ಆರಿಸಿ, ಎರಡು ವರ್ಷ ಒಣಗಿಸಿ, 2 ಮಿಲಿಮೀಟರ್ ಕಡ್ಡಿ ಸೀಳಬೇಕು. ಪಕ್ಕೆಲುಬಿಗೆ ತೆಳು ಪ್ಲೈವುಡ್. ಹತ್ತು ಪದರ ಒಟ್ಟಿಗೆ ಕಚ್ಚಿಸಿ ಒಂದೇ ಸಲ ಕತ್ತರಿಸಿದರೆ ಎಲ್ಲ ಒಂದೇ ಅಚ್ಚು. ವಿಮಾನದ ಮೂತಿಯಲ್ಲಿ ತಿರುಗುವ ಫ್ಯಾನಿಗೆ ಮಾತ್ರ ಬೀಟೆ ಮತ್ತು ಹೊನ್ನೆಯ ಚೂರು. ಅಸಲಿ ಫ್ಯಾನುಗಳನ್ನೂ ಹಾಗೇ ಹಲಗೆ ಮೇಲೆ ಹಲಗೆ ಅಂಟಿಸಿ ಕೆತ್ತುತ್ತಿದ್ದರು. ಕೆತ್ತುತ್ತಾ ಹೋದ ಹಾಗೆ ಕೆಂಪು, ಹಳದಿ ಪದರ ಗೆರೆಗೆರೆಯಾಗಿ ಹೊರಗೆ ಬರುತ್ತದೆ. ಆ ದಿನ ನನಗೆ ಹಬ್ಬ.

ರೆಕ್ಕೆಯ ಹೊದಿಕೆಗೆ ಅಸಲಿಯಲ್ಲಿ ಅಗಸೆ ನಾರಿನ ಬಟ್ಟೆ. ಅದರ ಮೇಲೆ ಡೋಪ್ ಅನ್ನುವ ದ್ರವ ಬಳಿದರೆ ಬಟ್ಟೆ ಎಳೆದುಕೊಂಡು ಬಿಗಿಯಾಗುತ್ತದೆ. ನಾವು ಬಟ್ಟೆ ಹಾಕಿದರೆ ನೂಲಿನ ಎಳೆ ಹಗ್ಗದ ಹಾಗೆ ಕಾಣುತ್ತದೆ. ಅದಕ್ಕೆ ನಾನು ಹಾಕುವುದು ಗಾಳಿಪಟದ ಕಾಗದ. ಅಂಟಿಸಿ, ನೀರು ಸಿಂಪಡಿಸಿದರೆ ಒಣಗುವಾಗ ತಾನೇ ಬಿಗಿಯುತ್ತದೆ. ಮೇಲೆ ತೆಳುವಾಗಿ ಥಿನ್ನರ್ ಬೆರೆಸಿದ ಸೀಲರ್, ಫರ್ನಿಚರ್‌ಗೆ ಬಳಿಯುವುದೇ. ಮಾಸ್ಕ್ ಹಾಕಿ, ಕಿಟಕಿ ತೆಗೆದು ಬಳಿಯಿರಿ.

ಒಂದು ಎಚ್ಚರಿಕೆ. ಆಷಾಢ, ಶ್ರಾವಣದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಸೀಲರ್ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಕಾಗದ ಸಡಿಲವಾಗುತ್ತದೆ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರಲ್ಲ, ಹಾಗೆ ಹೇರ್ ಡ್ರೈಯರ್ ದೂರದಿಂದ ಹಿಡಿದು ಒಂದಷ್ಟು ಸರಿ ಮಾಡಬಹುದು. ಬಿಳಿಚಿದ್ದು ಮಾತ್ರ ಪೂರ್ತಿ ಹೋಗುವುದು ಕಷ್ಟ. ಸಕಲೇಶಪುರ, ಮೂಡಿಗೆರೆ ಕಡೆಯವರು ದೀಪಾವಳಿ ತನಕ ಕಾಯಿರಿ. ಮಳೆಗಾಲದಲ್ಲಿ ಮರದ ಕೆಲಸ, ಚಳಿಗಾಲದಲ್ಲಿ ಕಾಗದದ ಕೆಲಸ. ನನ್ನ ಪಂಚಾಂಗ ಇಷ್ಟೇ.

ತಂತಿಯ ಮಾತು ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ಗೂಡಿನಲ್ಲಿ ಕಣ್ಣಿಗೆ ಮೊದಲು ಬೀಳುವುದು ಅದೇ. ನೆಲದ ಮೇಲೆ ನಿಂತಾಗ ರೆಕ್ಕೆ ಕೆಳಗೆ ಜೋಲದ ಹಾಗೆ ಹಿಡಿಯುವ ತಂತಿ ಬೇರೆ. ಹಾರುವಾಗ ರೆಕ್ಕೆ ಮೇಲಕ್ಕೆ ಮಡಚದ ಹಾಗೆ ಹಿಡಿಯುವ ತಂತಿ ಬೇರೆ. ಹಾರುವಾಗಿನ ಭಾರ ದೊಡ್ಡದು. ಹಾಗಾಗಿ ಆ ತಂತಿ ಜೋಡಿಯಾಗಿ ಇರುತ್ತದೆ. ಇದು ಗೊತ್ತಿಲ್ಲದೆ ಎಳೆದರೆ ತಂತಿ ಬರೀ ಅಲಂಕಾರ ಆಗುತ್ತದೆ. ನೈಲಾನ್ ದಾರ ಬೇಡ. ಅದು ತೇವ ಹೀರಿ ಜೋಲುತ್ತದೆ. ಜೋಲಿದ ತಂತಿಯನ್ನು ಬೆಳಕು ಕ್ಷಮಿಸುವುದಿಲ್ಲ. ಎಸ್.ಇ.5ಎ ತಂತಿ ದುಂಡಗಿಲ್ಲ. ಗಾಳಿ ಸೀಳಲಿ ಅಂತ ಚಪ್ಪಟೆ ಮಾಡಿದ್ದರು. ನಮ್ಮ ಬೀದಿಯ ಅಕ್ಕಸಾಲಿಗರ ಹತ್ತಿರ ತಂತಿ ಚಪ್ಪಟೆ ಮಾಡುವ ಮಿಷನ್ ಇದೆ. ಸ್ಟೀಲ್ ತಂತಿ ಕೊಟ್ಟೆ. ಅವರು ಎರಡು ಸಲ ಹಾಯಿಸಿ, "ಇದ್ಯಾವ ಒಡವೆಗೆ ಅಣ್ಣಾ?" ಅಂತ ಕೇಳಿದರು. ಬಿಗಿಯುವಾಗ ಒಂದೇ ಕಡೆ ಪೂರ್ತಿ ಬಿಗಿಯಬೇಡಿ. ಮಂಚದ ನವಾರಿನ ಹಾಗೆ ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ. ಕೊನೆಗೆ ಬೆರಳಿನಿಂದ ಮೀಟಿ ನೋಡಿ. ಎರಡೂ ಕಡೆ ಒಂದೇ ದನಿ ಬರಬೇಕು.

ಬಣ್ಣಕ್ಕೆ ಬಂದರೆ, ಈ ವಿಮಾನದ ಮೇಲ್ಮೈಗೆ ಹಸಿರು ಬೆರೆತ ಕಂದು ಬಣ್ಣ. ಬಟ್ಟೆಯನ್ನು ಬಿಸಿಲಿನಿಂದ ಕಾಪಾಡಲು ಅದು ಬೇಕಿತ್ತು. ಅದರ ಮೂಲಕ ಬೆಳಕು ಅಷ್ಟಾಗಿ ಹಾಯುವುದಿಲ್ಲ. ಅಡಿಭಾಗ ಮಾತ್ರ ಬಟ್ಟೆಯ ಸ್ವಂತ ಕೆನೆ ಬಣ್ಣ. ರಟ್ಟು ಇಟ್ಟು ನೋಡುವಾಗಲೇ ಇದು ಹೊಳೆಯಿತು. ಮೇಲಿನಿಂದ ಬೆಳಕು ಬಿಟ್ಟರೆ ಕಂದು ಬಣ್ಣವೇ ಕಾಣುತ್ತದೆ. ಬೆಳಕು ನೆಲದಿಂದ ಏಳಬೇಕು. ಕಾಫಿ ಕಣದಲ್ಲಿ ನಿಂತರೆ ಬಿಸಿಲು ನೆಲದಿಂದ ಎದ್ದು ಮುಖಕ್ಕೆ ಹೊಡೆಯುತ್ತದಲ್ಲ, ಹಾಗೆ. ಅದಕ್ಕೇ ಒಳಗಿನ ನೆಲ ಒಣ ಹುಲ್ಲು, ತಿಳಿ ಮಣ್ಣು. ವಿಮಾನ ನಿಂತ ಡೇರೆಯ ಬಲಗಡೆಯ ಬಾಗಿಲಿನಿಂದ ಬಂದ ಬೆಳಕು ಆ ನೆಲಕ್ಕೆ ಬಡಿದು ಮೇಲಿನ ರೆಕ್ಕೆಯ ಹೊಟ್ಟೆಗೆ ತಾಗುತ್ತದೆ. ಅದು ಬಂಗಾರದ ಹಾಗೆ ಹೊತ್ತಿಕೊಳ್ಳುತ್ತದೆ.

ಪೆಟ್ಟಿಗೆ ಒಳಗೆ 60 ಸೆಂಟಿಮೀಟರ್ ಅಗಲ. ಗಾಜಿನ ಕಿಟಕಿ 40 ಮಾತ್ರ. ಕಿಟಕಿ ಚಿಕ್ಕದಿದ್ದರೇ ದೀಪವೂ ಅಂಚುಗಳೂ ಮರೆಯಾಗುವುದು. ವಿಮಾನ ಓರೆಯಾಗಿ ನಿಂತಿದೆ. ಎಡ ರೆಕ್ಕೆಯ ತುದಿ ಡೇರೆಯ ಬಟ್ಟೆಯ ಹಿಂದೆ ಹೋಗುತ್ತದೆ. ಅಷ್ಟು ಭಾಗ ನಾನು ಕಟ್ಟಿಯೇ ಇಲ್ಲ. ನೋಡುವವರ ಮನಸ್ಸು ಅದನ್ನು ಕಟ್ಟಿಕೊಳ್ಳುತ್ತದೆ. ಹಿಂದಿನ ಆಕಾಶಕ್ಕೆ ಮೂಲೆ ಇರಬಾರದು, ಬಾಗಿದ ಹಾಳೆ ಹಾಕಿ. ಅದಕ್ಕೆ ಬೇರೆ ದೀಪ ಕೊಡಿ. ವಿಮಾನದ ನೆರಳು ಆಕಾಶದ ಮೇಲೆ ಬಿತ್ತೋ, ಅದು ಗೋಡೆಯಾಯಿತು. ಮುಂದಿನ ಗಾಜಿನ ಮೇಲಂಚನ್ನು ನಿಮ್ಮ ಕಡೆ ಸ್ವಲ್ಪ ವಾಲಿಸಿ. ಆಗ ಗಾಜಿನಲ್ಲಿ ನಿಮ್ಮ ಮುಖ ಕಾಣುವುದಿಲ್ಲ, ಕೆಳಗಿನ ಕಪ್ಪು ಪಟ್ಟಿ ಕಾಣುತ್ತದೆ. ಮದನಿಕೆಯರ ಹಾಗೇ, ಇದೂ ವಾಲಿ ನಿಲ್ಲುತ್ತದೆ.

ದೀಪ ಕೈಗೆ ಸಿಗುವ ಹಾಗಿರಲಿ. ಹಿಂದೊಂದು ಪೆಟ್ಟಿಗೆಯಲ್ಲಿ ಎಲ್‌ಇಡಿ ಪಟ್ಟಿಯನ್ನು ಒಳಗೇ ಅಂಟಿಸಿ ಮುಚ್ಚಿಬಿಟ್ಟಿದ್ದೆ. ಏಳು ತಿಂಗಳಿಗೆ ಅದು ಸತ್ತಿತು. ಹಿಂಬದಿ ಒಡೆಯುವಾಗ ಒಂದು ರೆಕ್ಕೆಯೂ ಹೋಯಿತು. ಈಗ ದೀಪಕ್ಕೆ ಮೇಲೆ ಪ್ರತ್ಯೇಕ ಮುಚ್ಚಳ ಮಾಡುತ್ತೇನೆ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಕ್ಕೂ ಅಲ್ಲೇ ಒಂದು ಖಾನೆ. ಮಳೆಗಾಲಕ್ಕೆ ಮುಂಚೆ ಬದಲಾಯಿಸುತ್ತೇನೆ.

ಮನುಷ್ಯರನ್ನು ಯಾಕೆ ಇಟ್ಟಿಲ್ಲ ಅಂತ ಕೇಳಬಹುದು. ಈ ಅಳತೆಯಲ್ಲಿ ಆಳು ಹತ್ತೂವರೆ ಸೆಂಟಿಮೀಟರ್ ಬರುತ್ತಾನೆ. ಮಾಡಬಹುದಿತ್ತು. ಒಂದು ಗೊಂಬೆ ಮಾಡಿ, ಕೂರಿಸಿ, ವಾರ ನೋಡಿ ತೆಗೆದೆ. ಗೊಂಬೆ ಇದ್ದಾಗ ಎಲ್ಲರೂ ಗೊಂಬೆಯನ್ನೇ ನೋಡುತ್ತಿದ್ದರು. ತೆಗೆದ ಮೇಲೆ ಖಾಲಿ ಸೀಟನ್ನು ನೋಡಿದರು. ನನಗೆ ಬೇಕಿದ್ದದ್ದು ಆ ಸೀಟು.

ಮಾತು ಸಾಕು. ಯಾರಾದರೂ ಹಾಲ್‌ನ ಲೈಟ್ ಆರಿಸಿ. ಬಟ್ಟೆ ತೆಗೆಯುತ್ತೇನೆ. ಮಕ್ಕಳು ಮೊದಲು ಬನ್ನಿ, ಅಜ್ಜಿ ತಾತಂದಿರು ಜೊತೆಯಲ್ಲಿ ಬನ್ನಿ. ಕಿಟಕಿ ದೊಡ್ಡವರ ಕಣ್ಣಿನ ಎತ್ತರಕ್ಕಿದೆ. ಮಕ್ಕಳಿಗೆ ಇಲ್ಲಿ ಸ್ಟೂಲ್ ಇಟ್ಟಿದ್ದೇನೆ. ಒಬ್ಬೊಬ್ಬರೇ ನಿಂತು, ಒಂದು ಕಣ್ಣು ಮುಚ್ಚಿ ನೋಡಿ. ಬಾಗಿಲ ಪಕ್ಕ ಎಣ್ಣೆ ಡ್ರಮ್ಮಿನ ಮೇಲೆ ಒಂದು ಪುಟ್ಟ ಸ್ಕೆಚ್ ಪುಸ್ತಕ ತೆರೆದಿದೆ. ಅದರಲ್ಲಿ ಏನು ಬರೆದಿದೆ ಅಂತ ನೋಡಿಕೊಂಡು ಬಂದು ನನಗೆ ಹೇಳಬೇಕು.