ಕಾರಲ್ಲೇ ಕೂತು ಸಿನಿಮಾ: ಕ್ಯಾಮ್ಡೆನ್ ಡ್ರೈವ್-ಇನ್ ಕಥೆ

ಎಲ್ಲರಿಗೂ ನಮಸ್ಕಾರ.

ನ್ಯೂ ಜರ್ಸಿಯಲ್ಲಿರುವ ನಾವು ಫಿಲಡೆಲ್ಫಿಯಾಗೆ ಹೋಗುವಾಗ ಅಡ್ಮಿರಲ್ ವಿಲ್ಸನ್ ಬುಲೆವಾರ್ಡ್ ರಸ್ತೆಯಲ್ಲಿ ಎಷ್ಟೋ ಸಲ ಹೋಗಿರುತ್ತೇವೆ. ಪೇಟೆಂಟ್ ಪಡೆದ ಮೊದಲ ಡ್ರೈವ್-ಇನ್ ಥಿಯೇಟರ್ ಇದ್ದದ್ದು ಆ ರಸ್ತೆಯ ಪಕ್ಕದಲ್ಲೇ, ನಮ್ಮ ರಾಜ್ಯದ ಕ್ಯಾಮ್ಡೆನ್ ಊರಿನ ಹತ್ತಿರ. ಶುರುವಾಗಿದ್ದು 1933ರ ಜೂನ್ 6ರಂದು.

ಅದನ್ನು ಕಟ್ಟಿದವರು ರಿಚರ್ಡ್ ಹಾಲಿಂಗ್ಸ್‌ಹೆಡ್. ಅವರ ಮನೆಯವರದ್ದು ಕಾರಿಗೆ ಬೇಕಾದ ಸಾಮಾನು ಮಾಡುವ ವ್ಯಾಪಾರ. ಅವರು ಮೊದಲು ಪ್ರಯೋಗ ಮಾಡಿದ್ದು ಮನೆಯ ಅಂಗಳದಲ್ಲಿ. ಎರಡು ಮರದ ನಡುವೆ ಬಿಳಿ ಪರದೆ ಕಟ್ಟಿದರು, ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್ ಇಟ್ಟರು, ಪರದೆಯ ಹಿಂದೆ ಒಂದು ರೇಡಿಯೊ. ಮಳೆ ಬಂದರೆ ಗಾಜಿನೊಳಗಿಂದ ಹೇಗೆ ಕಾಣುತ್ತದೆ ಅಂತ ನೋಡಲು ಹುಲ್ಲಿಗೆ ನೀರು ಹಾಕುವ ಸ್ಪ್ರಿಂಕ್ಲರ್ ಅನ್ನೇ ಕಾರಿನ ಮೇಲೆ ಬಿಟ್ಟರು! ನಿಜವಾದ ಕಷ್ಟ ಬೇರೆಯೇ ಇತ್ತು: ಮುಂದೆ ಒಂದು ಕಾರು ನಿಂತರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ. ಅವರು ಮುಂದಿನ ಚಕ್ರಗಳ ಕೆಳಗೆ ಮರದ ತುಂಡು ಇಟ್ಟು, ಎಷ್ಟು ಎತ್ತರಿಸಿದರೆ ಸರಿಹೋಗುತ್ತದೆ ಅಂತ ಲೆಕ್ಕ ಹಾಕಿದರು. ಕ್ಯಾಮ್ಡೆನ್‌ನಲ್ಲಿ ನೆಲವನ್ನೇ ಹಾಗೆ ಸಾಲುಸಾಲಾಗಿ ಏರಿಸಿದರು. ಯಾರಾದರೂ ನಡುವೆ ಎದ್ದು ಹೊರಟರೂ ಪಕ್ಕದವರಿಗೆ ತೊಂದರೆ ಆಗುತ್ತಿರಲಿಲ್ಲ.

ಟಿಕೆಟ್ ಕಾರಿಗೆ 25 ಸೆಂಟ್, ತಲೆಗೆ 25 ಸೆಂಟ್. ಎಷ್ಟೇ ಜನ ಇದ್ದರೂ 1 ಡಾಲರ್‌ಗಿಂತ ಜಾಸ್ತಿ ಇಲ್ಲ. ಮಕ್ಕಳು ಎಷ್ಟು ಗಲಾಟೆ ಮಾಡಿದರೂ ಪರವಾಗಿಲ್ಲ, ಇಡೀ ಮನೆಯವರು ಬನ್ನಿ ಅಂತ ಜಾಹೀರಾತು ಹಾಕಿದ್ದರು. ಡ್ರೈವ್-ಇನ್ ಬಗ್ಗೆ ನನಗೆ ಇಷ್ಟು ಪ್ರೀತಿ ಬರಲು ಈ ಮಾತೇ ಕಾರಣ. ಅಳುವ ಕೂಸು, ಕುರ್ಚಿಯಲ್ಲಿ ಜಾಸ್ತಿ ಹೊತ್ತು ಕೂರಲಾಗದ ಅಜ್ಜಿ, ಕೆಲಸ ಮುಗಿಸಿ ಅದೇ ಬಟ್ಟೆಯಲ್ಲಿ ಬಂದ ಅಪ್ಪ, ಎಲ್ಲರೂ ಒಟ್ಟಿಗೆ ಸಿನಿಮಾ ನೋಡಬಹುದಿತ್ತು. ನಮ್ಮೂರ ಟೆಂಟ್ ಸಿನಿಮಾದಲ್ಲಿ ಚಾಪೆ ಹಾಸಿ ಮಗುವನ್ನು ಮಲಗಿಸಿ ನೋಡುತ್ತಿದ್ದರಲ್ಲ, ಹಾಗೆ. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಂದ ಎಷ್ಟೋ ಡ್ರೈವ್-ಇನ್‌ಗಳಲ್ಲಿ ಕಪ್ಪು ಜನರನ್ನು ಬೇರೆ ಜಾಗದಲ್ಲಿ ನಿಲ್ಲಿಸುತ್ತಿದ್ದರು, ಇಲ್ಲವೇ ಒಳಗೇ ಬಿಡುತ್ತಿರಲಿಲ್ಲ. ಅವರಿಗೆ ಆ ಸ್ವಾಗತ ಇರಲಿಲ್ಲ.

ಕ್ಯಾಮ್ಡೆನ್ ಥಿಯೇಟರ್ ನಡೆದದ್ದು ಬರೀ ಮೂರು ವರ್ಷ. ಹೊಸ ಸಿನಿಮಾ ಸಿಗುತ್ತಿರಲಿಲ್ಲ. ದೊಡ್ಡ ಸ್ಪೀಕರ್‌ಗಳು ಪರದೆಯ ಹತ್ತಿರ ಇದ್ದದ್ದರಿಂದ ಹಿಂದಿನ ಸಾಲಿಗೆ ಮಾತು ತಡವಾಗಿ ಕೇಳಿಸುತ್ತಿತ್ತು, ಸುತ್ತಲಿನ ಮನೆಗಳಿಗೂ ಸದ್ದು ಹೋಗುತ್ತಿತ್ತು. 1940ರ ದಶಕದಲ್ಲಿ ಕಾರಿನ ಕಿಟಕಿಗೆ ಸಿಕ್ಕಿಸುವ ಪುಟ್ಟ ಸ್ಪೀಕರ್ ಬಂತು. ಅದನ್ನು ತೆಗೆಯಲು ಮರೆತು ವೈರ್ ಕಿತ್ತುಕೊಂಡೇ ಹೊರಟವರ ಕಥೆಗಳು ಹಳೆಯ ಪ್ರೇಕ್ಷಕರ ನೆನಪುಗಳಲ್ಲಿ ಬೇಕಾದಷ್ಟಿವೆ. 1949ರಲ್ಲಿ ಕೋರ್ಟು ಹಾಲಿಂಗ್ಸ್‌ಹೆಡ್ ಅವರ ಪೇಟೆಂಟ್ ನಿಲ್ಲುವುದಿಲ್ಲ ಅಂದಿತು. ಆಮೇಲೆ ಯಾರು ಬೇಕಾದರೂ ಕಟ್ಟಬಹುದಾಯಿತು. 1958ರ ಹೊತ್ತಿಗೆ ಅಮೆರಿಕದಲ್ಲಿ 4 ಸಾವಿರಕ್ಕೂ ಜಾಸ್ತಿ ಡ್ರೈವ್-ಇನ್ ಇದ್ದವು. ಪೈಜಾಮಾ ಹಾಕಿಕೊಂಡೇ ಬರುವ ಮಕ್ಕಳು, ಪರದೆಯ ಕೆಳಗೆ ಉಯ್ಯಾಲೆ, ಇಂಟರ್ವಲ್‌ನಲ್ಲಿ ಹಾಟ್ ಡಾಗ್ ಕೊಳ್ಳಲು ಉದ್ದ ಸಾಲು.

ಟಿವಿ ಬಂತು, ವಿಸಿಆರ್ ಬಂತು, ಅದಕ್ಕೇ ಮುಚ್ಚಿದವು ಅಂತ ಸುಮ್ನೆ ಹೇಳಿಬಿಡುತ್ತಾರೆ. ನನ್ನ ಪ್ರಕಾರ ಜಾಸ್ತಿ ಹೊಡೆತ ಕೊಟ್ಟದ್ದು ಭೂಮಿಯ ಬೆಲೆ. ಎಕರೆಗಟ್ಟಲೆ ಜಾಗ, ಸಂಪಾದನೆ ಮಾತ್ರ ಕತ್ತಲಾದ ಮೇಲೆ, ಚಳಿಗಾಲದಲ್ಲಂತೂ ಬಹುತೇಕ ಕಡೆ ಬಾಗಿಲು ಬಂದ್. ಊರು ಬೆಳೆದು ಆ ಜಾಗದ ತನಕ ಬಂದಾಗ ಮಾಲೀಕರು ಮಾರದೇ ಏನು ಮಾಡುತ್ತಾರೆ? ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಟ್ಟಾಗ ಕತ್ತಲೂ ತಡವಾಯಿತು, ಮರುದಿನ ಕೆಲಸ ಇರುವವರು ನಡುರಾತ್ರಿವರೆಗೆ ಕೂರುವುದು ಕಷ್ಟ ಅಲ್ವಾ?

ಆದರೂ ಪೂರ್ತಿ ಹೋಗಲಿಲ್ಲ. ನಮ್ಮ ರಾಜ್ಯದ ವೈನ್‌ಲ್ಯಾಂಡ್‌ನಲ್ಲಿರುವ ಡೆಲ್ಸೀ ಡ್ರೈವ್-ಇನ್ 1949ರಲ್ಲಿ ಶುರುವಾಗಿ 1987ರಲ್ಲಿ ಮುಚ್ಚಿತ್ತು. 2004ರಲ್ಲಿ ಮಕ್ಕಳ ಡಾಕ್ಟರ್ ಒಬ್ಬರು ಅದನ್ನು ಮತ್ತೆ ತೆರೆದರು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ 1934ರ ಶ್ಯಾಂಕ್‌ವೈಲರ್ಸ್ ಇದೆ, ಈಗಲೂ ನಡೆಯುತ್ತಿರುವವುಗಳಲ್ಲಿ ಅತಿ ಹಳೆಯದು. ಊರಿಂದ ಅಪ್ಪ ಅಮ್ಮ ಬೇಸಿಗೆಗೆ ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗಿ. ಹೊದಿಕೆ, ಚುರುಮುರಿ ಜೊತೆಗಿರಲಿ.