ಬೆಲ್ಟಿನ ನಾಲ್ಕನೇ ತೂತು

ಕೇಳುಗರಿಗೆ ನಮಸ್ಕಾರ.

ನಮ್ಮ ದೊಡ್ಡಪ್ಪ ಯಾವ ಮದುವೆಗೆ ಹೋದರೂ ಮೊದಲು ಕೇಳುತ್ತಿದ್ದುದು, ಬಚ್ಚಲು ಎಲ್ಲಿದೆ ಅಂತ. ರಾತ್ರಿ ನಾಲ್ಕು ಸಲ ಏಳುತ್ತಿದ್ದರು. ಹೋಗಿ ನಿಂತರೆ ಮೂತ್ರ ಬೇಗ ಬರದು. ಬಂದರೂ ಸಣ್ಣ ಧಾರೆ, ನಿಂತು ನಿಂತು. "ವಯಸ್ಸಾಯ್ತಲ್ಲ ಮಗಾ" ಎನ್ನುತ್ತಿದ್ದರು. ಅವರ ಬೆಲ್ಟು ಇನ್ನೂ ಕಣ್ಣಮುಂದಿದೆ. ಮೂರು ತೂತುಗಳ ಹತ್ತಿರ ಬಕಲ್ ಒತ್ತಿದ ಗುರುತು. ನಾಲ್ಕನೆಯದು, ಬೆಳೆದ ಹೊಟ್ಟೆಗೆ ಆ ಮೂರೂ ಸಾಲದೆ, ಚಪ್ಪಲಿ ಹೊಲಿಯುವವರ ಹತ್ತಿರ ಹೊಡೆಸಿದ್ದು.

ಆ ಬೆಲ್ಟಿಗೂ ಆ ಬಚ್ಚಲಿಗೂ ನಂಟಿರಬಹುದು ಎಂದು ನಮಗಾರಿಗೂ ಹೊಳೆದಿರಲಿಲ್ಲ.

ಪ್ರಾಸ್ಟೇಟ್ ಗ್ರಂಥಿ ಇರುವುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು. ಹರೆಯದಲ್ಲಿ ಸುಮಾರು 20 ಗ್ರಾಂ ತೂಕ. ವಯಸ್ಸಾದಂತೆ ಬೆಳೆದು ನಾಳವನ್ನು ಒತ್ತುತ್ತದೆ. ಇದು ಕ್ಯಾನ್ಸರ್ ಅಲ್ಲ. ವಯಸ್ಸು ಮುಖ್ಯ ಕಾರಣ ನಿಜ, ಆದರೆ ಅದೊಂದೇ ಅಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1958ರಿಂದ ನಡೆಯುತ್ತಿರುವ ಅಧ್ಯಯನವೊಂದಿದೆ. ಅದರ ಮಾಹಿತಿಯಿಂದ 2006ರಲ್ಲಿ ಹೊರಬಂದ ವರದಿ ಹೇಳುವಂತೆ, ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ, 35 ದಾಟಿದ ಗಂಡಸರಲ್ಲಿ ಪ್ರಾಸ್ಟೇಟ್ ದೊಡ್ಡದಾಗುವ ಸಂಭವ ಬೊಜ್ಜಿಲ್ಲದವರಿಗಿಂತ ಸುಮಾರು ಮೂರೂವರೆ ಪಟ್ಟು.

ಬೊಜ್ಜಿಗೂ ಪ್ರಾಸ್ಟೇಟಿಗೂ ನಡುವಿನ ಕೊಂಡಿ ಇನ್ಸುಲಿನ್ ಇರಬಹುದು ಎನ್ನುತ್ತಾರೆ. ಹೊಟ್ಟೆಯೊಳಗೆ ಬೊಜ್ಜು ತುಂಬಿದಾಗ ದೇಹ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸುತ್ತದೆ. ಆಗ ಸಕ್ಕರೆ ಪರೀಕ್ಷೆ ಮಾಡಿಸಿದರೆ ಎಲ್ಲ ಸರಿಯಾಗಿಯೇ ಕಾಣಬಹುದು! ಇನ್ಸುಲಿನ್ ಮಾತ್ರ ವರ್ಷಗಟ್ಟಲೆ ಏರಿಯೇ ಇರುತ್ತದೆ. ಇನ್ಸುಲಿನ್‌ನ ಕೆಲಸ ಸಕ್ಕರೆಗಷ್ಟೇ ಮುಗಿಯುವುದಿಲ್ಲ, ಜೀವಕೋಶಗಳಿಗೆ ಬೆಳೆಯಿರಿ ಎಂದೂ ಹೇಳುತ್ತದೆ. ಅದರ ನೆಂಟನಂತಿರುವ ಐಜಿಎಫ್-1 ಎಂಬ ವಸ್ತುವನ್ನು ಹಿಡಿದಿಡುವ ಪ್ರೋಟೀನೊಂದನ್ನು ಯಕೃತ್ತು ಆಗ ಕಡಿಮೆ ಮಾಡುತ್ತದೆ. ಹಿಡಿತ ತಪ್ಪಿದ ಐಜಿಎಫ್-1 ಕೂಡ ಪ್ರಾಸ್ಟೇಟ್ ಬೆಳೆಯಲು ಕುಮ್ಮಕ್ಕು. ಜೊತೆಗೆ ನರಗಳ ಚಟುವಟಿಕೆ ಹೆಚ್ಚಿ, ಗ್ರಂಥಿಯ ಸ್ನಾಯು ಬಿಗಿದು ನಾಳವನ್ನು ಹಿಂಡುತ್ತದೆ ಎಂಬ ವಿವರಣೆಯೂ ಇದೆ.

ಇದನ್ನು ಕೇಳಿ ಯಾರೂ ಇನ್ಸುಲಿನ್ ಚುಚ್ಚುಮದ್ದು ನಿಲ್ಲಿಸಬೇಡಿ, ದಯವಿಟ್ಟು. ಟೇಪು ಹಿಡಿದು ಸೊಂಟ ಅಳೆಯಿರಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್ ಗಡಿ. ದಾಟಿದ್ದರೆ ನಡಿಗೆ ಶುರುಮಾಡಿ, ರಾತ್ರಿ ಅನ್ನ ಕಡಿಮೆ ಮಾಡಿ. ಪದೇ ಪದೇ ಏಳುವುದು ಸಕ್ಕರೆ ಕಾಯಿಲೆಯಿಂದಲೂ ಇರಬಹುದು. ಹಾಗಾಗಿ ಸುಮ್ನೆ ಊಹಿಸದೆ ಡಾಕ್ಟರಿಗೆ ತೋರಿಸಿ. ಮೂತ್ರದಲ್ಲಿ ರಕ್ತ ಕಂಡರಂತೂ ತಡಮಾಡಬೇಡಿ.

ದೊಡ್ಡಪ್ಪ ನಾಚಿಕೆಯಿಂದ ಎಂದೂ ತೋರಿಸಲಿಲ್ಲ. ಒಂದು ರಾತ್ರಿ ಮೂಗು ಕಟ್ಟಿದೆಯೆಂದು ಅಂಗಡಿಯಿಂದ ತಂದ ಶೀತದ ಮಾತ್ರೆ ನುಂಗಿ ಮಲಗಿದರು. ಕೆಲವು ಶೀತದ ಮಾತ್ರೆಗಳು ಮೂತ್ರ ಕಟ್ಟಿಸುತ್ತವೆ. ಬೆಳಗಿನ ಜಾವಕ್ಕೆ ಒಂದು ಹನಿಯೂ ಬರಲಿಲ್ಲ, ಕಿಬ್ಬೊಟ್ಟೆ ಕಲ್ಲಾಗಿತ್ತು. ಆಸ್ಪತ್ರೆಯಲ್ಲಿ ನಳಿಕೆ ಹಾಕಿದ ಮೇಲೆ ನನ್ನ ಕೈ ಹಿಡಿದು ಹೇಳಿದರು: "ಮೊದಲೇ ಹೇಳಬೇಕಿತ್ತು ಕಣೋ."

ನಮಸ್ಕಾರ.